ಕೇಳಿಸುವ ಕೆಲಸಕ್ಕೆ ಹೊರಟವಳಿಗೆ

"ಕ್ಯಾಮೆರಾ ಹಿಡಿಯೋದಕ್ಕೆ, ಮೈಕ್ ಹಾಕೋದಕ್ಕೆ ಎರಡು ವರ್ಷ ಯೂನಿವರ್ಸಿಟಿಯಲ್ಲಿ ಓದಬೇಕಾ?" ಅಂತ ನಿಮ್ಮಪ್ಪ ಕೇಳಿದ್ದಕ್ಕೆ ನೀನು ಬೇಜಾರು ಮಾಡಿಕೊಳ್ಳಬೇಡ ಕಣಮ್ಮ. ಅದು ನ್ಯಾಯವಾದ ಪ್ರಶ್ನೆ. ಎಡಿಟಿಂಗ್ ತಂತ್ರಾಂಶವನ್ನು ಮನೆಯಲ್ಲೇ ಕೂತು ಕೆಲವು ತಿಂಗಳಲ್ಲಿ ಕಲಿಯಬಹುದು. ಬೆಂಗಳೂರಿನ ಯಾವುದಾದರೂ ಇನ್‌ಸ್ಟಿಟ್ಯೂಟಿಗೆ ಸೇರಿದರೆ ಆರು ತಿಂಗಳಿಗೆ ಸರ್ಟಿಫಿಕೇಟೂ ಸಿಗುತ್ತದೆ. ಎರಡು ವರ್ಷ ಕಳೆದು ನೀನು ಅಷ್ಟನ್ನೇ ಕಲಿತು ಹೊರಗೆ ಬಂದರೆ ನಿಮ್ಮಪ್ಪ ಕಟ್ಟಿದ ಫೀಸು ದಂಡ. ಅದಕ್ಕೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ರೇಡಿಯೊ ಸ್ಟುಡಿಯೊದಲ್ಲೂ ಆಮೇಲೆ ಕಾಲೇಜಿನ ದೃಶ್ಯ-ಶ್ರವಣ ವಿಭಾಗದಲ್ಲೂ ಆಯುಷ್ಯದ ಬಹುಪಾಲು ಕಳೆದ ದೊಡ್ಡಪ್ಪನಾಗಿ ಇಷ್ಟನ್ನಾದರೂ ನಿನಗೆ ಹೇಳದೆ ಕಳಿಸಲಾರೆ.

ನಿಮ್ಮ ಪಠ್ಯಕ್ರಮದಲ್ಲಿ ಧ್ವನಿಮುದ್ರಣ, ಛಾಯಾಗ್ರಹಣ, ಸಂಕಲನ, ಪ್ರಸಾರ, ಉಪಕರಣಗಳ ನಿರ್ವಹಣೆ ಎಂದು ಬೇರೆ ಬೇರೆ ಪತ್ರಿಕೆಗಳಿವೆ. ಇವೆಲ್ಲದರ ಹಿಂದೆ ಇರುವುದು ಒಂದೇ ಕೆಲಸ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೆಡದ ಹಾಗೆ ಮುಟ್ಟಬೇಕು. ಹಾಗೆ ಮುಟ್ಟಿಸುವವರು ಹೇಳುತ್ತಿರುವುದೇನು ಎಂಬುದನ್ನೂ ಅರಿತಿರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಆ ಅರಿವು ಸಿಗುವ ಜಾಗ ವಿಶ್ವವಿದ್ಯಾಲಯ. ನಿಮ್ಮ ಸ್ಟುಡಿಯೊದ ಪಕ್ಕದಲ್ಲೇ ಭೌತಶಾಸ್ತ್ರ ವಿಭಾಗ, ಇನ್ನೊಂದು ಕಟ್ಟಡದಲ್ಲಿ ಜಾನಪದ, ಅದರಾಚೆ ಭಾಷಾವಿಜ್ಞಾನ, ಮನಶ್ಶಾಸ್ತ್ರ ಇರುತ್ತವೆ. ಆರು ತಿಂಗಳ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ಇವು ಯಾವುವೂ ಇರುವುದಿಲ್ಲ.

ನಮ್ಮ ಮೈಸೂರಿನ ರೇಡಿಯೊ ಹುಟ್ಟಿದ್ದೇ ಹೀಗೆ. 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕೇಳುವವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಓದಿಕೊಂಡವರ ಕೈಗೆ ಯಂತ್ರ ಬಂದಾಗ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಮೇಷ್ಟರ ಮನೆಯ ಪ್ರಸಾರವೇ ಮುಂದೆ ಮೈಸೂರು ಆಕಾಶವಾಣಿಯಾಗಿ ಬೆಳೆಯಿತು.

ಮೈಸೂರಿನವರೇ ಆದ ವಿ.ಕೆ. ಮೂರ್ತಿ ಅವರ ಕಥೆಯನ್ನೂ ನೆನಪಿಟ್ಟುಕೋ. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ, ಅಂದರೆ ನಾವು ಎಸ್.ಜೆ. ಪಾಲಿಟೆಕ್ನಿಕ್ ಎನ್ನುವ ಕಡೆ, ಅವರು ಛಾಯಾಗ್ರಹಣ ಕಲಿತರು. ಮುಂದೆ ಗುರುದತ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುವ ದೃಶ್ಯವಿದೆ. ಅದಕ್ಕೆ ಅವರು ಬಳಸಿದ್ದು ದೊಡ್ಡ ದೀಪವನ್ನಲ್ಲ. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಕ್ಕೆ ತಂದರು. ಸೂರ್ಯನ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ, ಆದ್ದರಿಂದ ಬೆಳಕು ಹರಡದೆ ಕೋಲಿನಂತೆ ನಿಲ್ಲುತ್ತದೆ. ಹತ್ತಿರದಲ್ಲಿಟ್ಟ ದೀಪದಿಂದ ಇದು ಅಷ್ಟು ಸುಲಭವಾಗಿ ಆಗದು. ಪಿಯುಸಿಯಲ್ಲಿ ನೀನೂ ಓದಿದ ಪಾಠವೇ ಇದು. ಸಮಯಕ್ಕೆ ಅದನ್ನು ಕೈಯಲ್ಲಿ ಮಾಡಿ ತೋರಿಸಿದವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಅವರು ಪಿಟೀಲು ನುಡಿಸುತ್ತಿದ್ದರು ಎನ್ನುವುದೂ ನನಗೆ ಮುಖ್ಯವಾಗಿ ಕಾಣುತ್ತದೆ. ಬರೀ ಲೆನ್ಸ್ ನಂಬರು ಗೊತ್ತಿದ್ದವರಿಗೆ ಲಯ ಬೇಕಾದ ಆ ಹಾಡುಗಳನ್ನು ಹಾಗೆ ಚಿತ್ರಿಸಲು ಆಗುತ್ತಿರಲಿಲ್ಲ.

ಸೇರಿದ ಮೊದಲ ದಿನದಿಂದಲೇ ಎಲ್ಲರ ಕಣ್ಣೂ ಕ್ಯಾಮೆರಾದ ಮೇಲಿರುತ್ತದೆ. ಯಾವ ಕಂಪನಿ, ಎಷ್ಟು ಕೆ, ಯಾವ ಲೆನ್ಸ್ ಎಂಬುದೇ ಮಾತು. ನೀನು ಮೊದಲು ಧ್ವನಿಗೆ ಕೈ ಹಾಕು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಸರಿಯಾಗಿ ಕೇಳಿಸದಿದ್ದರೆ ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಇಷ್ಟಾದರೂ ತರಗತಿಯಲ್ಲಿ ಧ್ವನಿಯನ್ನು ಆರಿಸಿಕೊಳ್ಳುವವರು ಕಡಿಮೆ. ಉಪಕರಣ ಕೋಣೆಯಲ್ಲಿ ಮೈಕುಗಳ ಕಪಾಟಿನ ಮುಂದೆ ಕ್ಯೂ ಇರುವುದಿಲ್ಲ. ಅದರಿಂದ ನಿನಗೇ ಲಾಭ.

ಒಂದು ಸಂದರ್ಶನದ ಕೆಲಸ ಹೇಗಿರಬೇಕೆಂದು ಹೇಳುತ್ತೇನೆ, ನಿಧಾನವಾಗಿ ಓದು. ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯ ಹತ್ತಿರ ಮಾತಾಡಿಸಿ ಮುದ್ರಿಸಬೇಕು ಅಂತಿಟ್ಟುಕೋ. ಹೋದ ಕೂಡಲೇ ಬ್ಯಾಗ್ ಬಿಚ್ಚಬೇಡ. ಕೊಟ್ಟ ನೀರು ಕುಡಿದು, ಕಣ್ಣು ಮುಚ್ಚಿಕೊಂಡು ಮನೆಯನ್ನು ಕೇಳು. ಫ್ಯಾನು ತಿರುಗುತ್ತಿದೆ, ಟ್ಯೂಬ್‌ಲೈಟಿನ ಚೋಕು ಗುಂಯ್‌ಗುಡುತ್ತಿದೆ, ಅಡುಗೆ ಮನೆಯಲ್ಲಿ ಫ್ರಿಜ್ಜು ಆಗಾಗ ಹೊತ್ತಿಕೊಂಡು ಆರುತ್ತಿದೆ, ಹಿತ್ತಿಲಲ್ಲಿ ಹಸು, ದೂರದಲ್ಲಿ ಹಿಟ್ಟಿನ ಗಿರಣಿ. ಹಸುವಿನ ಸದ್ದು ಇರಲಿ, ಅದು ಆ ಮನೆಗೆ ಸೇರಿದ್ದು. ಫ್ಯಾನು ನಿಲ್ಲಿಸು. ಫ್ರಿಜ್ಜನ್ನು ಮನೆಯವರನ್ನು ಕೇಳಿ ಆರಿಸು, ಆರಿಸಿದ ಕೂಡಲೇ ನಿನ್ನ ಗಾಡಿಯ ಕೀಲಿಯನ್ನು ಆ ಫ್ರಿಜ್ಜಿನೊಳಗೇ ಇಡು. ಹೊರಡುವಾಗ ಕೀಲಿ ಬೇಕೇ ಬೇಕಲ್ಲ, ಆಗ ಮರೆಯದೆ ಸ್ವಿಚ್ಚು ಹಾಕುತ್ತೀಯ. ಧ್ವನಿಮುದ್ರಣದವರು ಎಷ್ಟೋ ಕಡೆ ಅನುಸರಿಸುವ ಪದ್ಧತಿ ಇದು. ಒಬ್ಬರ ಮನೆಯ ಹಾಲು ನಮ್ಮಿಂದಾಗಿ ಒಡೆಯಬಾರದು.

ಮೊಸಾಯಿಕ್ ನೆಲ, ಗಾರೆ ಗೋಡೆ, ಸಾಮಾನು ಕಡಿಮೆ ಇರುವ ನಡುಮನೆಯಲ್ಲಿ ಮಾತು ತಿರುಗಿ ತಿರುಗಿ ಬರುತ್ತದೆ. ಹಾಸಿಗೆ, ಕಂಬಳಿ ಅಟ್ಟಿ ಇಟ್ಟ ಒಳಕೋಣೆ ಸಿಕ್ಕರೆ ಅಲ್ಲಿ ಕೂರಿಸು. ಸಿಗದಿದ್ದರೆ ಜಮಖಾನೆ ಕೇಳಿ ತೆಗೆದುಕೊಂಡು ನೆಲಕ್ಕೆ ಹಾಸು, ಇನ್ನೊಂದನ್ನು ಎದುರು ಗೋಡೆಯ ಕಡೆ ಹಗ್ಗದ ಮೇಲೆ ಇಳಿಬಿಡು. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು. ಅಜ್ಜಿಯ ಸೆರಗು ಅದರ ಮೇಲೆ ಉಜ್ಜಬಾರದು, ಕರಿಮಣಿ ತಾಗಬಾರದು. ನೀನು ಹುಡುಗಿಯಾದ್ದರಿಂದ ಆಕೆಯ ಸೆರಗಿಗೆ ಮೈಕ್ ಹಾಕುವುದು ಆಕೆಗೂ ಮುಜುಗರವಲ್ಲ. ಆದರೂ ಏನು ಮಾಡುತ್ತಿದ್ದೀಯ ಎಂದು ಮೊದಲು ಹೇಳಿ, ಒಪ್ಪಿದ ಮೇಲೆ ಮುಟ್ಟು. ಹೆಡ್‌ಫೋನ್ ಹಾಕಿಕೊಂಡು, ಊಟ ಏನು ಮಾಡಿದಿರಿ, ಮಳೆ ಹೇಗೆ ಎಂದು ಮಾತಾಡಿಸುತ್ತಾ ಮಟ್ಟ ಹೊಂದಿಸಿಕೋ. ಡಿಜಿಟಲ್ ಮೀಟರಿನಲ್ಲಿ ಜೋರಾದ ಮಾತೂ ಸೊನ್ನೆಗಿಂತ ಹತ್ತು ಹನ್ನೆರಡು ಡೆಸಿಬಲ್ ಕೆಳಗೇ ಇರಲಿ. ಹಳೆಯ ನೆನಪು ಬಂದು ಆಕೆ ನಕ್ಕಾಗ, ಅತ್ತಾಗ ಮೇಲೇಳಲು ಜಾಗ ಬೇಕು. ಸೊನ್ನೆ ದಾಟಿ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿ ಕೊಡುವುದಿಲ್ಲ. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಕೋಣೆಯನ್ನು ಮುದ್ರಿಸಿಕೋ. ಸಂಕಲನದಲ್ಲಿ ಎರಡು ಮಾತುಗಳ ನಡುವೆ ತೇಪೆ ಹಾಕಲು ಅದೇ ಬೇಕಾಗುವುದು.

ಈಗ ಗದ್ದಲ ತೆಗೆಯುವ ಎ.ಐ. ಸಾಧನಗಳು ಬಂದಿವೆ, ಇಷ್ಟೆಲ್ಲ ಯಾಕೆ ಎಂದು ನಿನ್ನ ಗೆಳೆಯರು ಹೇಳುತ್ತಾರೆ. ಅವನ್ನೂ ಕಲಿ, ಒಳ್ಳೆಯ ಉಪಕರಣಗಳೇ. ಆದರೆ ಗದ್ದಲದ ಜೊತೆಗೆ ಅವು ಎಷ್ಟೋ ಸಲ ಮಾತಿನ ತುದಿಯನ್ನೂ ಕಬಳಿಸುತ್ತವೆ. ಮಾತಿನ ಬಲ ಸ್ವರಗಳಲ್ಲಿರುತ್ತದೆ, ಅರ್ಥ ವ್ಯಂಜನಗಳಲ್ಲಿರುತ್ತದೆ. ಸ, ಶ, ತ, ಥ ಇವುಗಳ ಗುರುತು ಎರಡು ಸಾವಿರದಿಂದ ಎಂಟು ಸಾವಿರ ಹರ್ಟ್ಸ್‌ವರೆಗಿನ ಸಣ್ಣ ಸದ್ದಿನಲ್ಲಿದೆ. ಫ್ಯಾನಿನ ಸುಯ್ಯೆಂಬ ಶಬ್ದವೂ ಅಲ್ಲೇ ಇರುವುದರಿಂದ ಯಂತ್ರ ಎರಡನ್ನೂ ಸೇರಿಸಿ ಒರೆಸಿಬಿಡುತ್ತದೆ. ಅಜ್ಜಿಗೆ ಹಲ್ಲಿಲ್ಲದಿದ್ದರಂತೂ ಆ ಗುರುತು ಮೊದಲೇ ತೆಳ್ಳಗಿರುತ್ತದೆ. ಆಮೇಲೆ ಅದು ಕೇಳಲು ಹಿತವಾಗಿರುತ್ತದೆ, ಏನು ಹೇಳಿದಳೆಂದು ಮಾತ್ರ ತಿಳಿಯುವುದಿಲ್ಲ.

ಇದಕ್ಕೆಲ್ಲ ಭೌತಶಾಸ್ತ್ರ ಬೇಕು. ಲೆಕ್ಕ ಕಂಡರೆ ಹೆದರಿಕೆ ಎಂದೇ ಈ ಕೋರ್ಸಿಗೆ ಬರುವವರು ಬಹಳ. ನೀನು ಹಾಗೆ ಓಡಿಹೋಗಬೇಡ. ಬೇಕಾಗುವ ಲೆಕ್ಕ ಅಷ್ಟೇನೂ ದೊಡ್ಡದಲ್ಲ. ಬಯಲಿನಲ್ಲಿ ಮೈಕಿನ ದೂರ ಎರಡು ಪಟ್ಟಾದರೆ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಇದೊಂದು ತಿಳಿದರೆ ಮೈಕ್ ಹತ್ತಿರ ತರುವುದೇ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ಉಪಾಯ ಎಂದು ಗೊತ್ತಾಗುತ್ತದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಬಯಲು ಸಭೆಯಲ್ಲಿ ವೇದಿಕೆಯಿಂದ 34 ಮೀಟರ್ ಹಿಂದೆ ಇನ್ನೊಂದು ಸ್ಪೀಕರ್ ನಿಲ್ಲಿಸಿದರೆ, ಅಲ್ಲಿ ಕೂತವರಿಗೆ ವೇದಿಕೆಯ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬಂದು ಕಲಸಿಹೋಗುತ್ತದೆ. ಹಿಂದಿನ ಸ್ಪೀಕರಿಗೆ ಅಷ್ಟೇ ತಡೆ ಕೊಟ್ಟರೆ ಎಲ್ಲ ತಿಳಿಯಾಗುತ್ತದೆ. ಮೈಕಿನ ಕೇಬಲ್ಲಿನಲ್ಲಿ ಎರಡು ತಂತಿ ಸಾಕಾಗುವಲ್ಲಿ ಮೂರು ಯಾಕಿವೆ ಎಂದು ಕೇಳಿ ತಿಳಿದುಕೋ. ಒಂದೇ ಸಂಕೇತವನ್ನು ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು ಕಳಿಸಿ ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ದಾರಿಯಲ್ಲಿ ಸೇರಿಕೊಂಡ 50 ಹರ್ಟ್ಸ್‌ನ ಕರೆಂಟಿನ ಗುಂಯ್ ಸದ್ದು ತಾನೇ ಅಳಿಯುತ್ತದೆ. ಎಷ್ಟು ಸೊಗಸಾದ ಯೋಚನೆ! ನನಗೆ ಇವತ್ತಿಗೂ ಅದನ್ನು ವಿವರಿಸುವಾಗ ಉಮೇದು ಬರುತ್ತದೆ. ಬೆಸುಗೆ ಹಾಕುವುದನ್ನೂ ಕಲಿ. ಎಕ್ಸ್‌ಎಲ್‌ಆರ್ ಎಂಬ ಮೈಕಿನ ಪ್ಲಗ್ಗಿಗೆ ಕೇಬಲ್ ಕೂರಿಸಲು ಬರುವವಳಿಗೆ ಯಾವ ಊರಿನಲ್ಲೂ ಕೆಲಸ ನಿಲ್ಲುವುದಿಲ್ಲ.

ನಿಮ್ಮ ವಿಭಾಗದ ಹೆಸರಿನಲ್ಲಿ ಸಹಾಯಕ ಸೇವೆ ಎಂಬುದೂ ಸೇರಿದೆ. ಅದನ್ನು ಓದುವಾಗ ಕೆಲವು ಹುಡುಗರು ಮುಖ ಸಿಂಡರಿಸುತ್ತಾರೆ, ತಾವು ನಿರ್ದೇಶಕರಾಗಲು ಬಂದವರೆಂದು. ಅವರಿಗೆ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದ ಕಥೆ ಹೇಳು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಇಳಿಸಿದರು. ನಮ್ಮ ರಾಜ್ಯದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಉಪಗ್ರಹ ಇದ್ದದ್ದು ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ. ಹಳ್ಳಿಯಲ್ಲಿ ಇದ್ದದ್ದು ಕೋಳಿಗೂಡಿಗೆ ಹೊದಿಸುವಂಥ ತಂತಿ ಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ ಮತ್ತು ಊರಿಗೆಲ್ಲ ಸೇರಿ ಒಂದು ಟಿವಿ ಪೆಟ್ಟಿಗೆ. ಬಿಸಿಲು, ದೂಳು, ಏರಿಳಿಯುವ ವೋಲ್ಟೇಜು. ಅಷ್ಟು ದೂರದಿಂದ ಸರಿಯಾಗಿ ಬಂದ ಸಂಕೇತ ಕೊನೆಯ ಹತ್ತು ಅಡಿಯಲ್ಲಿ ಒಂದು ಫ್ಯೂಸು ಹಾರಿದರೆ ನಿಂತುಹೋಗುತ್ತಿತ್ತು. ಹಳ್ಳಿಯಿಂದ ಹಳ್ಳಿಗೆ ಹೋಗಿ ಆ ಪೆಟ್ಟಿಗೆಗಳನ್ನು ನಡೆಯುವಂತೆ ಇಟ್ಟ ತಂತ್ರಜ್ಞರ ಹೆಸರು ಯಾವ ಕಾರ್ಯಕ್ರಮದ ಕೊನೆಯಲ್ಲೂ ಬಂದಿರಲಿಕ್ಕಿಲ್ಲ. ಅವರು ಇಲ್ಲದಿದ್ದರೆ ಸಂಜೆ ಊರ ಮುಂದೆ ಸೇರಿದ ಜನ ಖಾಲಿ ಪರದೆ ನೋಡಿಕೊಂಡು ಮನೆಗೆ ಹೋಗಬೇಕಿತ್ತು.

ನಿನ್ನ ಕ್ಯಾಂಪಸ್ಸಿನಲ್ಲಿ ಅದೇ ಕೆಲಸ ಸಣ್ಣದಾಗಿ ದಿನಾ ಇರುತ್ತದೆ. ಸೆಮಿನಾರ್ ಹಾಲಿನ ಪ್ರೊಜೆಕ್ಟರು ಹೊತ್ತಿಕೊಳ್ಳದೆ ಹಿರಿಯ ಪ್ರಾಧ್ಯಾಪಕರೊಬ್ಬರು ನೂರು ಜನರ ಮುಂದೆ ಕೈಹಿಸುಕಿಕೊಂಡು ನಿಂತಿರುತ್ತಾರೆ. ಓಡಿಹೋಗಿ ಕೇಬಲ್ ಸರಿಮಾಡುವುದನ್ನು ಯಾರಾದರೂ ಮಾಡಿಯಾರು. "ಇದೊಂದು ಗುಂಡಿ ಒತ್ತಿದ್ದರೆ ಆಗ್ತಿತ್ತಲ್ಲ ಸಾರ್" ಎಂದು ಮೈಕಿಗೆ ಕೇಳುವಂತೆ ಹೇಳದೆ ಬರುವುದು ಕಲಿಯಬೇಕಾದ ವಿದ್ಯೆ. ಯಂತ್ರದ ಮುಂದೆ ಎಂಥ ವಿದ್ವಾಂಸರಿಗೂ ಸಣ್ಣ ಅಳುಕಿರುತ್ತದೆ. ಆ ಅಳುಕನ್ನು ಕಳೆದವರನ್ನು ಅವರು ಮರೆಯುವುದಿಲ್ಲ, ಅವಮಾನ ಮಾಡಿದವರನ್ನೂ ಮರೆಯುವುದಿಲ್ಲ. ಸಭೆ ಶುರುವಾಗುವ ಒಂದು ತಾಸು ಮುಂಚೆ ಹೋಗು. ಎಲ್ಲ ಹಚ್ಚಿಟ್ಟು ಹಾಲಿನ ಕೊನೆಯ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತು ಕೇಳು. ಕಿವಿ ಮಂದವಾದ ನಿವೃತ್ತ ಮೇಷ್ಟರು, ತಡವಾಗಿ ಬಸ್ಸಿಳಿದು ಬಂದ ವಿದ್ಯಾರ್ಥಿ ಕೂರುವುದು ಅಲ್ಲೇ. ಮುಂದಿನ ಸಾಲಿನ ಅತಿಥಿಗಳಿಗೆ ಮೈಕ್ ಇಲ್ಲದಿದ್ದರೂ ಕೇಳುತ್ತದೆ.

ಕೇಳಿಸುವುದೇ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೋ. ನೀವು ಮಾಡುವ ಪ್ರತಿ ಪಾಠದ ವಿಡಿಯೊಗೂ ಕನ್ನಡದಲ್ಲಿ ಅಡಿಬರಹ ಬೇಕು. ತಾನಾಗಿ ಅಡಿಬರಹ ಹಾಕುವ ಯಂತ್ರಗಳು ಪುಸ್ತಕದ ಕನ್ನಡಕ್ಕೆ ತಕ್ಕಮಟ್ಟಿಗೆ ಒಗ್ಗಿವೆ. ಕುಂದಾಪುರದ ಕನ್ನಡ, ಕಲಬುರಗಿಯ ಕನ್ನಡ, ಚಾಮರಾಜನಗರದ ಕನ್ನಡ ಬಂದಾಗ ತಡವರಿಸುತ್ತವೆ. ಹಾಗಾಗಿ ಕೂತು ಕೈಯಾರೆ ತಿದ್ದಬೇಕು. ಬೇಸರದ ಕೆಲಸ ಹೌದು. ಕಿವುಡ ವಿದ್ಯಾರ್ಥಿಯೊಬ್ಬಳಿಗೆ ಆ ತರಗತಿಯ ಬಾಗಿಲು ತೆರೆಯುವುದು ಅದರಿಂದಲೇ.

ಇನ್ನು ನಾನು ಬಹಳ ಒತ್ತಿ ಹೇಳಬೇಕೆಂದಿರುವ ಮಾತು. ವಾರಕ್ಕೆ ಒಂದು ಗಂಟೆಯಾದರೂ ನಿನ್ನದಲ್ಲದ ವಿಭಾಗದಲ್ಲಿ ಹೋಗಿ ಕೂರು. ಕೇಳಿಕೊಂಡರೆ ಹಿಂದಿನ ಬೆಂಚಿನಲ್ಲಿ ಕೂರಲು ಬೇಡ ಎನ್ನುವ ಮೇಷ್ಟರು ಅಪರೂಪ. ಯಾಕೆ ಎನ್ನುವುದಕ್ಕೆ ತುಳುನಾಡಿನ ಸಿರಿ ಪಾಡ್ದನದ ಉದಾಹರಣೆ ಕೊಡುತ್ತೇನೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಜೊತೆಗೂಡಿ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. ಹಾಡು ದಿನಗಟ್ಟಲೆ ಸಾಗಿತು. ಅದನ್ನು ಬರಹಕ್ಕೆ ಇಳಿಸಿದಾಗ 15,683 ಸಾಲಾಯಿತು, 1998ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೂ ಮುಂಚೆ ಗೋಪಾಲ ನಾಯ್ಕರಿಂದಲೇ ಬಾಯಲ್ಲಿ ಹೇಳಿಸಿ ಬರೆದುಕೊಂಡ ಪಾಠ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಅದೇ ಹಾಡುಗಾರ, ಅದೇ ಕಥೆ. ಬರೆದುಕೊಳ್ಳುವವರ ಕೈಯ ವೇಗಕ್ಕೆ ನಿಲ್ಲಿಸಿ ನಿಲ್ಲಿಸಿ ಹೇಳಿದಾಗ ಕಾವ್ಯ ಮೈಮುದುಡಿಕೊಂಡಿತ್ತು, ತನ್ನ ಲಯದಲ್ಲಿ ಹಾಡಲು ಬಿಟ್ಟಾಗ ಮೈತುಂಬಿ ಬಂತು. ಧ್ವನಿಮುದ್ರಣ ಯಂತ್ರ ಇದ್ದದ್ದರಿಂದ ಹಾಗೆ ಬಿಡಲು ಸಾಧ್ಯವಾಯಿತು. ಆದರೆ ಬಿಡಬೇಕು ಎಂದು ತಿಳಿದದ್ದು ಜಾನಪದ ಬಲ್ಲವರಿಗೆ. ಕಥೆ ಗೊತ್ತಿಲ್ಲದ ತಂತ್ರಜ್ಞನೊಬ್ಬ ಅಲ್ಲಿದ್ದು, ಟೇಪು ಮುಗಿಯಿತೆಂದೋ ಬೆಳಕು ಬದಲಾಯಿತೆಂದೋ ನಡುವೆ ಕೈ ಎತ್ತಿ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸು.

ಯಕ್ಷಗಾನ ಗೊತ್ತಿಲ್ಲದವರು ಭಾಗವತರ ಪದಕ್ಕೆ ಮಟ್ಟ ಹೊಂದಿಸಿಕೊಂಡು ಆರಾಮಾಗಿ ಕೂತಿರುತ್ತಾರೆ. ವೇಷ ರಂಗಕ್ಕೆ ನುಗ್ಗುವ ಹೊತ್ತಿಗೆ ಚಂಡೆ ಎದ್ದು ಮೀಟರು ಕೆಂಪಾಗಿ ಮುದ್ರಣ ಒಡೆದುಹೋಗುತ್ತದೆ. ಪ್ರಸಂಗ ಬಲ್ಲವಳು ಎರಡು ಪದ ಮುಂಚೆಯೇ ಚಂಡೆಯ ಚಾನೆಲ್ಲಿನ ಮೇಲೆ ಬೆರಳಿಟ್ಟಿರುತ್ತಾಳೆ. ಮಾದೇಶ್ವರನ ಕಥೆ ಹಾಡುವವರ ಕಂಸಾಳೆಯ ಕಂಚಿನ ಸದ್ದಿಗೆ ಮೈಕ್ ಎದುರಾಗಿಟ್ಟರೆ ಅದು ಕಿವಿ ಕೊರೆಯುತ್ತದೆ, ಹಾಡುವವರ ಬಾಯಿಯ ಕಡೆಗೆ ಓರೆಯಾಗಿಟ್ಟರೆ ಮಾತೂ ಉಳಿಯುತ್ತದೆ, ಕಂಸಾಳೆಯ ಕಳೆಯೂ ಉಳಿಯುತ್ತದೆ. ಬರೀ ತಾಂತ್ರಿಕ ಕೈಪಿಡಿ ಓದಿಕೊಂಡವರಿಗೆ ಇದು ಹೊಳೆಯುವುದಿಲ್ಲ. ಒಂದೆರಡು ರಾತ್ರಿ ಸುಮ್ಮನೆ ಪ್ರೇಕ್ಷಕಳಾಗಿ ಕೂತು ಕೇಳಬೇಕು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನು, ತೆರೆದಿದೆಯೇ ಎಂದು ವಿಚಾರಿಸಿಕೊಂಡು, ಒಂದು ಇಡೀ ದಿನ ಇಟ್ಟುಕೊಂಡು ನೋಡು.

ಮುದ್ರಿಸಿದ್ದನ್ನು ಕಾಪಾಡುವ ವಿಚಾರದಲ್ಲಿ ನಾನು ನಿಷ್ಠುರ. ಒಂದೇ ಕಡೆ ಇರುವ ಕಡತ ಇಲ್ಲದ ಕಡತಕ್ಕೆ ಸಮ. ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಂಗ್ರಹದಲ್ಲಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ಕಾರ್ಡನ್ನು ಅಳಿಸುವ ಮೊದಲು ಪ್ರತಿಗಳನ್ನು ತೆರೆದು ಕೇಳಿ ನೋಡಬೇಕು, ಕಡತದ ಗಾತ್ರ ನೋಡಿದರೆ ಸಾಲದು. ಹೆಸರಿಡುವಾಗ 'ಫೈನಲ್', 'ಹೊಸ ಫೈನಲ್' ಎಂದೆಲ್ಲ ಇಡಬೇಡ. ತಾರೀಖು, ಊರು, ವಿಷಯ ಇಷ್ಟು ಸಾಕು, ವರ್ಷ ಮೊದಲು ಬಂದರೆ ಸಾಲಾಗಿ ನಿಲ್ಲುತ್ತವೆ. ಪ್ರತಿ ಮುದ್ರಣದ ಆರಂಭದಲ್ಲಿ ನಿನ್ನ ಬಾಯಲ್ಲೇ ಯಾರು, ಎಲ್ಲಿ, ಯಾವತ್ತು, ಯಾವ ಭಾಷೆ ಎಂದು ಹೇಳಿಬಿಡು. ಚೀಟಿ ಕಳೆದುಹೋಗುತ್ತದೆ, ಧ್ವನಿಯೊಳಗಿನ ಮಾತು ಉಳಿಯುತ್ತದೆ. ಒಪ್ಪಿಗೆಯನ್ನೂ ಹಾಗೆಯೇ ಧ್ವನಿಯಲ್ಲೇ ತೆಗೆದುಕೋ. ಓದು ಬಾರದವರ ಹೆಬ್ಬೆಟ್ಟನ್ನು ಇಂಗ್ಲಿಷ್ ನಮೂನೆಯ ಮೇಲೆ ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. ಇದನ್ನು ಎಲ್ಲಿ ಹಾಕುತ್ತೇವೆ, ಯಾರು ಕೇಳಬಹುದು, ಬೇಡವೆಂದರೆ ತೆಗೆಯುತ್ತೇವೆ ಎಂದು ಅವರ ಮಾತಿನಲ್ಲೇ ಬಿಡಿಸಿ ಹೇಳಬೇಕು. ಹಾಡುಗಾರರಿಗೆ ಸಂಭಾವನೆ ಕೊಡದೆ ಶಾಲು ಹೊದಿಸಿ ಕಳಿಸುವ ಕೆಟ್ಟ ರೂಢಿ ನಮ್ಮಲ್ಲಿದೆ. ನಿನ್ನ ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಅವರ ಸಂಭಾವನೆ ಮೊದಲ ಸಾಲಿನಲ್ಲಿರಲಿ.

ಕೆಲಸದ ಚಿಂತೆ ನಿಮ್ಮಮ್ಮನಿಗೆ. ಸಿನಿಮಾ, ಟಿವಿ ಎರಡೇ ದಾರಿ ಎಂದು ಆಕೆ ತಿಳಿದಿದ್ದಾಳೆ. ಮೈಸೂರು ವಿಶ್ವವಿದ್ಯಾಲಯದ ಇಎಂಎಂಆರ್‌ಸಿ ಎಂಬ ಶೈಕ್ಷಣಿಕ ಮಲ್ಟಿಮೀಡಿಯಾ ಕೇಂದ್ರದಂಥ ಕಡೆ ಪಾಠಗಳ ವಿಡಿಯೊ ತಯಾರಿ ನಡೆಯುತ್ತದೆ. ಹೈಕೋರ್ಟಿನ ಕಲಾಪವೂ ನೇರ ಪ್ರಸಾರವಾಗುತ್ತಿದೆ. ಆಸ್ಪತ್ರೆ, ಕಂಪನಿ, ಮಠ, ವಿಶ್ವವಿದ್ಯಾಲಯ ಎಲ್ಲಕ್ಕೂ ಈಗ ಇಂಥ ಕೈಗಳು ಬೇಕು. ಪಾಡ್‌ಕಾಸ್ಟ್, ಧ್ವನಿಪುಸ್ತಕ, ಡಬ್ಬಿಂಗ್ ಇವೆ. ದುಡ್ಡು ಕಡಿಮೆಯಾದರೂ ಕಲಿಯಲು ಒಳ್ಳೆಯ ಜಾಗ ಸಮುದಾಯ ರೇಡಿಯೊ. ಕೋಲಾರ ಜಿಲ್ಲೆ ಬೂದಿಕೋಟೆಯ 'ನಮ್ಮ ಧ್ವನಿ'ಯವರು ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ಕಾಲದಲ್ಲಿ ಕೇಬಲ್ ಎಳೆದು ಊರಿಗೆ ಕಾರ್ಯಕ್ರಮ ಮುಟ್ಟಿಸಿದ್ದರು. 2006ರ ನೀತಿ ಬಂದ ಮೇಲೆ ಸಂಘಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್‌ನ ರೇಡಿಯೊ ಸಾರಂಗ್, ರೇಡಿಯೊ ಮಣಿಪಾಲ್ ಇವು ಕ್ಯಾಂಪಸ್ಸಿನಿಂದಲೇ ನಡೆಯುವವು. ಸಣ್ಣ ನಿಲಯದಲ್ಲಿ ಮೈಕ್ ಹಾಕುವವಳೂ ನೀನೇ, ಸಂಕಲನವೂ ನಿನ್ನದೇ, ಟ್ರಾನ್ಸ್‌ಮಿಟರಿನ ಫ್ಯಾನಿನ ದೂಳು ಒರೆಸುವವಳೂ ನೀನೇ. ಒಂದು ರಜೆಯನ್ನು ಅಲ್ಲಿ ಕಳೆ.

ಹುಡುಗಿ ಎಂಬ ಕಾರಣಕ್ಕೆ ನಿನಗೊಂದು ಮಾತು ಬೇರೆಯಾಗಿಯೇ ಹೇಳಬೇಕು. ಗುಂಪಿನ ಕೆಲಸ ಹಂಚುವಾಗ "ನೀನು ಆ್ಯಂಕರಿಂಗ್ ಮಾಡು, ಚೆನ್ನಾಗಿ ಮಾತಾಡ್ತೀಯ" ಎಂದು ನಿನ್ನನ್ನು ಕ್ಯಾಮೆರಾದ ಮುಂದೆ ತಳ್ಳುತ್ತಾರೆ. ಭಾರ ಎತ್ತಲು ಆಗುವುದಿಲ್ಲ, ರಾತ್ರಿ ಇರಲು ಆಗುವುದಿಲ್ಲ ಎನ್ನುತ್ತಾರೆ. ನೀನು ಮಿಕ್ಸರನ್ನು ಬಿಟ್ಟು ಏಳಬೇಡ. ಒಮ್ಮೆ ಎದ್ದರೆ ಆ ಕುರ್ಚಿ ಮತ್ತೆ ಸಿಗುವುದು ಕಷ್ಟ. ರಾತ್ರಿ ಕೆಲಸ ಇದ್ದರೆ ಹಾಸ್ಟೆಲಿಗೆ ವಾಹನ ಕೊಡಿ ಎಂದು ಬರಹದಲ್ಲಿ ಕೇಳು, ಅದು ದಾಕ್ಷಿಣ್ಯದ ವಿಷಯವಲ್ಲ. ಏಣಿ ಹತ್ತುವಾಗ ಕೆಳಗೆ ಒಬ್ಬರು ಹಿಡಿದಿರಲೇಬೇಕು. ಒದ್ದೆ ನೆಲದಲ್ಲಿ ನಿಂತು ದೀಪದ ಪ್ಲಗ್ ಮುಟ್ಟಬೇಡ, ಅರ್ಥಿಂಗ್ ಇಲ್ಲದ ಪೆಂಡಾಲಿನಲ್ಲಿ ಆಯೋಜಕರು ಎಷ್ಟು ಅವಸರ ಮಾಡಿದರೂ ಮೈಕ್ ಹಚ್ಚಬೇಡ. ನಿನ್ನ ಕಿವಿಯನ್ನೂ ಕಾಪಾಡಿಕೋ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ ಮೂರು ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ವೈದ್ಯರೂ ಎಂಜಿನಿಯರರೂ ಪಾಲಿಸುವ ಲೆಕ್ಕ. ನೂರು ಡೆಸಿಬಲ್ಲಿನ ಆರ್ಕೆಸ್ಟ್ರಾದ ಮುಂದೆ ಕಾಲು ಗಂಟೆ ನಿಂತರೂ ದಿನದ ಪಾಲು ಮುಗಿಯಿತು. ಕಿವಿಗೆ ಹಾಕುವ ರಬ್ಬರ್ ಬಿರಡೆ ಬ್ಯಾಗಿನಲ್ಲಿ ಯಾವಾಗಲೂ ಇರಲಿ. ಹೋದ ಶ್ರವಣ ಮರಳಿ ಬರುವುದಿಲ್ಲಮ್ಮ, ನಮ್ಮ ಕೆಲಸದಲ್ಲಿ ಅದೇ ಬಂಡವಾಳ.

ಒಳ್ಳೆಯ ವಿಭಾಗವೋ ಅಲ್ಲವೋ ಎಂದು ತಿಳಿಯಲು ಗೋಡೆಯ ಮೇಲಿನ ಫೋಟೊ ನೋಡಬೇಡ, ಹಿರಿಯ ವಿದ್ಯಾರ್ಥಿಗಳನ್ನು ಕೇಳು: ಉಪಕರಣ ಕೋಣೆಯ ಬೀಗ ವಾರದಲ್ಲಿ ಎಷ್ಟು ಹೊತ್ತು ತೆರೆದಿರುತ್ತದೆ, ಶನಿವಾರ ಮೈಕು ಕೊಡುತ್ತಾರಾ. ಬೀಗ ಹಾಕಿದ್ದರೆ ಬೀಗದ ಕೈ ಇರುವ ತಂತ್ರಜ್ಞರನ್ನು ಹುಡುಕಿಕೊಂಡು ಹೋಗು. ಪ್ರಾಧ್ಯಾಪಕರಿಗಿಂತ ಹೆಚ್ಚು ನಿನಗೆ ಕಲಿಸುವವರು ಎಷ್ಟೋ ಕಡೆ ಅವರೇ. ಅವರಿಗೂ ಸಾರ್, ಮೇಡಂ ಎಂದೇ ಗೌರವ ಕೊಟ್ಟು ಮಾತಾಡು. ತೆಗೆದುಕೊಂಡ ಸಾಮಾನನ್ನು ಎಣಿಸಿ, ಕೇಬಲ್ಲನ್ನು ತಿರುಚದೆ ಒಂದು ಸುತ್ತು ಮೇಲೆ ಒಂದು ಸುತ್ತು ಕೆಳಗೆ ಹಾಕಿ ಸುತ್ತಿ, ಬ್ಯಾಟರಿ ತೆಗೆದು ವಾಪಸು ಕೊಡು. ಕೆಟ್ಟಿದ್ದರೆ ಚೀಟಿ ಬರೆದು ಅಂಟಿಸು. ಆಮೇಲೆ ಶನಿವಾರದ ಬೀಗ ನಿನಗಾಗಿಯೇ ತೆರೆಯುತ್ತದೆ.

ದಸರಾ ರಜೆಗೆ ಬರುವಾಗ ವಿಭಾಗದಿಂದ ಒಂದು ಆಡಿಯೊ ಇಂಟರ್‌ಫೇಸ್ ಕೇಳಿ ತಾ. ನನ್ನ ಕಪಾಟಿನಲ್ಲಿ ನಮ್ಮಮ್ಮ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟುಗಳಿವೆ, ಪೆಟ್ಟಿಗೆಯೊಂದರ ತುಂಬಾ. ಸಿಕ್ಕ ಟೇಪ್‌ರೆಕಾರ್ಡರಿಗೆ ಹಾಕಿ ನೋಡೋಣ ಎಂದು ಯಾರೂ ಅವಸರ ಮಾಡಬಾರದೆಂದು ಮನೆಯಲ್ಲಿ ಹೇಳಿದ್ದೇನೆ. ಮೊದಲು ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಎರಡೂ ಚಿಪ್ಪು ಮುರಿಯಬೇಕು, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಆಗ ಅಳಿಯುವುದಿಲ್ಲ. ಪ್ಲೇಯರಿನ ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಶುದ್ಧ ಮಾಡಿ, ಬೇಡದ ಕ್ಯಾಸೆಟ್ ಒಂದನ್ನು ಪೂರ್ತಿ ಓಡಿಸಿ ನೋಡಬೇಕು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಅಮ್ಮನ ಬಾಯಿಂದ 'ಸ'ಕಾರ ಅತ್ಯಂತ ಸ್ಪಷ್ಟವಾಗಿ ಬರುವ ಜಾಗದಲ್ಲಿ ನಿಲ್ಲಿಸಬೇಕು. ಅದಕ್ಕೆ ನನ್ನ ಕಿವಿ ಈಗ ಸಾಲದು, ಮೇಲಿನ ಸಣ್ಣ ಸ್ವರಗಳು ಈ ವಯಸ್ಸಿಗೆ ಕೇಳುವುದಿಲ್ಲ. ತಿರುಪುಳಿ ನಾನು ಹಿಡಿಯುತ್ತೇನೆ, ಎಲ್ಲಿ ನಿಲ್ಲಿಸಬೇಕೆಂದು ನೀನು ಹೇಳು.